ಮುತ್ತಳ್ಳಿಯ ಸೀತೆ: ಬಾಲ್ಯದ ಒಲವನ್ನು ಕುರಿತು ಒಂದು ವಿಚಾರ

ಕನ್ನಡ ಕಾದಂಬರಿಯಲ್ಲಿ ಪ್ರಣಯಕ್ಕೆ ಕೊರತೆಯಿಲ್ಲ. ಕಂಡೊಡನೆ ಮೋಹಿಸಿದವರ ಕಥೆಗಳುಂಟು, ಕಾಲೇಜಿನಲ್ಲಿ ಕಲೆತು ಬೇರೆಯಾದವರ ಕಥೆಗಳುಂಟು, ಮದುವೆಯ ಅನಂತರ ಒಬ್ಬರನ್ನೊಬ್ಬರು ಅರಿತವರ ಕಥೆಗಳೂ ಉಂಟು. ಚಿಕ್ಕಂದಿನಿಂದ ನಂಟರ ಮನೆಗಳಲ್ಲಿ ಆಡಿ ಬೆಳೆದ ಇಬ್ಬರ ನಡುವೆ, ಅವರಿಗೇ ಅರಿವಾಗದಂತೆ ಮೂಡಿ, ಅರಿವಾಗುವ ಹೊತ್ತಿಗೆ ಮುರಿದುಹೋಗುವ ಒಲವಿನ ಕಥೆ ಇವೆಲ್ಲಕ್ಕಿಂತ ಬೇರೆ ಬಗೆಯದು. ಅದರಲ್ಲಿ ಪ್ರಥಮ ದರ್ಶನವೆಂಬುದೇ ಇಲ್ಲ. ಆದ್ದರಿಂದ ಇದು ಇಲ್ಲಿ ಆರಂಭವಾಯಿತು ಎಂದು ತೋರಿಸುವುದೂ ಸಾಧ್ಯವಿಲ್ಲ. ಆರಂಭವಿಲ್ಲದ್ದಕ್ಕೆ ಅಂತ್ಯವನ್ನು ಹೇರಿದಾಗ ಆಗುವ ನೋವು ಎಂಥದೆಂಬುದನ್ನು ಕನ್ನಡದಲ್ಲಿ ಗಂಭೀರವಾಗಿ ಕಾಣಿಸಿದ ಕೃತಿಗಳಲ್ಲಿ ಕುವೆಂಪು ಅವರ ಮೊದಲ ಕಾದಂಬರಿಯನ್ನು ಮುಖ್ಯವಾಗಿ ಎಣಿಸಬೇಕು. 1936ರಲ್ಲಿ ಬೆಳಕು ಕಂಡ ಈ ಕೃತಿಗೆ ಆಗ ಇದ್ದ ಹೆಸರು ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’. ಇಂದು ನಾವೆಲ್ಲ ‘ಕಾನೂರು ಹೆಗ್ಗಡಿತಿ’ ಎಂದು ಬಲ್ಲೆವು.

ಈ ಕಾದಂಬರಿಯ ವಿಷಯವಾಗಿ ವಿಮರ್ಶಕರು ಬಹಳ ಬರೆದಿದ್ದಾರೆ. ಮಲೆನಾಡಿನ ನಿಸರ್ಗ, ಕೂಡುಮನೆಯ ಒಡಕು, ಸುಬ್ಬಮ್ಮನ ಏಳುಬೀಳು, ಹೂವಯ್ಯನ ಆದರ್ಶ, ಇವು ಸಾಮಾನ್ಯವಾಗಿ ಚರ್ಚೆಗೆ ಬರುವ ಅಂಶಗಳು. ಮುತ್ತಳ್ಳಿಯ ಸೀತೆ ಈ ಚರ್ಚೆಗಳಲ್ಲಿ ಬಂದರೂ ಹೂವಯ್ಯನ ಕಥೆಗೆ ಸೇರಿದ ಒಂದು ಉಪಕಥೆಯಂತೆ ಬರುವುದೇ ಹೆಚ್ಚು. ಪ್ರಕೃತ ಲೇಖನದಲ್ಲಿ ನಾವು ಸೀತೆಯನ್ನು ನಡುವೆ ನಿಲ್ಲಿಸಿಕೊಂಡು ಒಂದೇ ಪ್ರಶ್ನೆಯನ್ನು ಕೇಳಬೇಕೆಂದಿದ್ದೇವೆ: ಈ ಒಲವು ಮುರಿದದ್ದು ಏತರಿಂದ?

ಈ ಪ್ರಶ್ನೆ ನಮ್ಮದಲ್ಲ, ಒಬ್ಬ ವಿದ್ಯಾರ್ಥಿನಿಯದು. ಝುವಾರಿನಗರದ ಕನ್ನಡ ಕುಟುಂಬಗಳ ವಿಷಯ ಈ ಸಂಚಿಕೆಯ ವಾಚಕರಿಗೆ ಹೊಸದಲ್ಲ. 1961ರಲ್ಲಿ ಗೋವೆ ವಿಮೋಚನೆಗೊಂಡ ಮೇಲೆ, ವಿಶೇಷವಾಗಿ 1973ರಲ್ಲಿ ಇಲ್ಲಿಯ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ, ಮುರಗಾಂವ ತಾಲ್ಲೂಕಿನ ಈ ಗುಡ್ಡದ ಸುತ್ತ ನೆಲೆ ಕಂಡ ಕನ್ನಡ ಮನೆಗಳಲ್ಲಿ ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳ ಕಡೆಯ ಮನೆಗಳು ಅನೇಕ. ಅವರ ಮಕ್ಕಳಿಗೆ ಮಲೆನಾಡು ಗೊತ್ತಿಲ್ಲ. ಅಡಿಕೆಯ ತೋಟ, ಹೆಂಚಿನ ದೊಡ್ಡ ಮನೆ, ಜಗಲಿ, ಉಪ್ಪರಿಗೆ, ಇವು ಎಲ್ಲೋ ದೂರದ ಮಾತುಗಳು. ಪ್ರೌಢಶಾಲೆಯ ಹಿರಿಯ ಮಕ್ಕಳಿಗೆ ವಾಚನದ ಅವಧಿಯಲ್ಲಿ ಈ ಕಥೆಯನ್ನು ನಾವು ಸಂಗ್ರಹವಾಗಿ ಹೇಳುತ್ತಿದ್ದಾಗ ಮಕ್ಕಳು ತೋಟವನ್ನೂ ಜಗಲಿಯನ್ನೂ ಕೇಳಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಇಬ್ರೂ ಆಕೀಗೆ ಬಾವಂದಿರೇ ಅಲ್ಲೇನ್ರಿ? ಹಂಗಾದ್ರ ತಪ್ಪೇನಾತು?” ಎಂದಳು. ತರಗತಿ ನಕ್ಕಿತು. ನಾವು ನಗಲಿಲ್ಲವಾದರೂ ಆಗ ಸರಿಯಾದ ಉತ್ತರವನ್ನೂ ಕೊಡಲಿಲ್ಲ. ಈ ಲೇಖನ ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ಕಥೆಯ ಎಳೆಯನ್ನು ಸಂಕ್ಷೇಪವಾಗಿ ನೆನೆಯೋಣ. ತೀರ್ಥಹಳ್ಳಿಯ ಕಡೆಯ ಕಾನೂರು ಒಂದು ಮನೆ, ಮುತ್ತಳ್ಳಿ ಇನ್ನೊಂದು. ಎರಡೂ ಒಕ್ಕಲಿಗ ಗೌಡರ ಮನೆಗಳು; ಕೊಟ್ಟು ತರುವ ಸಂಬಂಧವಿರುವ ಮನೆಗಳು. ಕಾನೂರಿನ ಯಜಮಾನ ಚಂದ್ರಯ್ಯಗೌಡರು. ಅವರ ಮಗ ರಾಮಯ್ಯ, ತೀರಿಹೋದ ಅಣ್ಣನ ಮಗ ಹೂವಯ್ಯ. ಮುತ್ತಳ್ಳಿಯ ಶ್ಯಾಮಯ್ಯಗೌಡರ ಮಗಳು ಸೀತೆ, ಮಗ ಚಿನ್ನಯ್ಯ. ಹೂವಯ್ಯ ಮತ್ತು ರಾಮಯ್ಯ ಮೈಸೂರಿನಲ್ಲಿ ಓದುತ್ತಿದ್ದವರು. ರಜೆಗೆಂದು ಊರಿಗೆ ಮರಳುವ ಹಾದಿಯಲ್ಲಿ ಗಾಡಿ ಉರುಳಿ ಹೂವಯ್ಯನಿಗೆ ಪೆಟ್ಟಾಗುತ್ತದೆ. ಅವನು ಮುತ್ತಳ್ಳಿಯಲ್ಲಿ ಮಲಗಬೇಕಾಗುತ್ತದೆ. ಚಿಕ್ಕಂದಿನಿಂದ ಕಂಡ ಬಾವನನ್ನು ಸೀತೆ ಆಗ ಬೇರೊಂದು ಕಣ್ಣಿನಿಂದ ಕಾಣುತ್ತಾಳೆ. ಮುಂದೆ ಕಾನೂರಿನ ಮನೆ ಒಡೆಯುತ್ತದೆ. ಹೂವಯ್ಯ ತಾಯಿ ನಾಗಮ್ಮನೊಡನೆ ಕೆಳಕಾನೂರಿಗೆ ಹೋಗಿ ನಿಲ್ಲುತ್ತಾನೆ. ಸೀತೆಯ ಮದುವೆ ರಾಮಯ್ಯನೊಡನೆ ನಡೆಯುತ್ತದೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ‘ಬಾವ’ ಎಂಬುದು ನಮ್ಮ ನಾಡಿನಲ್ಲಿ ಸಾಮಾನ್ಯವಾದ ಮಾತಲ್ಲ. ಅಣ್ಣ, ತಮ್ಮ, ಮಾವ, ಚಿಕ್ಕಪ್ಪ ಮುಂತಾದ ಮಾತುಗಳು ಇರುವ ನಂಟನ್ನು ಹೇಳುತ್ತವೆ. ‘ಬಾವ’ ಎಂಬ ಮಾತು ಇರುವ ನಂಟಿನ ಜೊತೆಗೆ ಆಗಬಹುದಾದ ನಂಟನ್ನೂ ಹೇಳುತ್ತದೆ. ಸೋದರಿಕೆಯ ಸಂಬಂಧವನ್ನು ಒಪ್ಪುವ ದಕ್ಷಿಣದೇಶದ ಜನರಲ್ಲಿ ಸೋದರತ್ತೆಯ ಮಗ, ಸೋದರಮಾವನ ಮಗ ಇವರನ್ನು ಹುಡುಗಿ ಬಾಯಿ ತಿರುಗುವ ವಯಸ್ಸಿನಿಂದ ಬಾವನೆಂದು ಕರೆಯುತ್ತಾಳೆ. ಬಯಲುಸೀಮೆಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಾಯಿಯ ತಮ್ಮನಿಗೇ ಹುಡುಗಿಯನ್ನು ಕೊಡುವುದುಂಟು. ಹಿರಿಯರು ತೊಟ್ಟಿಲ ಬಳಿಯಲ್ಲಿಯೇ ತಮಾಷೆ ಮಾಡುತ್ತಾರೆ: ಇವಳು ಇವನಿಗೆ, ಅವನು ಅವಳಿಗೆ. ಮಗು ಆ ತಮಾಷೆಯನ್ನು ಕೇಳುತ್ತ ಬೆಳೆಯುತ್ತದೆ. ಒಂದು ದಿನ ಅದು ತಮಾಷೆಯಾಗಿ ಉಳಿಯುವುದಿಲ್ಲ. ಯೂರೋಪಿನ ಕಾದಂಬರಿಗಳಲ್ಲಿ ಬಾಲ್ಯದ ಗೆಳೆತನ ಪ್ರಣಯವಾಗಿ ತಿರುಗಬೇಕಾದರೆ ಒಂದು ಘಟನೆ ಬೇಕಾಗುತ್ತದೆ; ನಮ್ಮಲ್ಲಿ ಅದಕ್ಕೆ ಭಾಷೆಯೇ ದಾರಿ ಮಾಡಿಟ್ಟಿದೆ.

ಆದ್ದರಿಂದ ಸೀತೆ ಹೂವಯ್ಯನನ್ನು ಒಲಿದಾಗ ಕಟ್ಟಳೆಯನ್ನು ಮುರಿಯಲಿಲ್ಲ. ಕಟ್ಟಳೆ ಕಲಿಸಿದ್ದನ್ನೇ ಕಲಿತಳು. ಇದು ಮೊದಲನೆಯ ಅಂಶ. ಎರಡನೆಯದು ಇನ್ನೂ ಮುಖ್ಯವಾದದ್ದು. ರಾಮಯ್ಯನೂ ಅವಳಿಗೆ ಬಾವನೇ. ಒಂದೇ ಮನೆಯ ಅಣ್ಣತಮ್ಮಂದಿರ ಮಕ್ಕಳಾದ್ದರಿಂದ ಇಬ್ಬರಿಗೂ ಒಂದೇ ಮಾತು ಸಲ್ಲುತ್ತದೆ. ಕಟ್ಟಳೆಯ ಕಣ್ಣಿಗೆ ಇವರಿಬ್ಬರಲ್ಲಿ ವ್ಯತ್ಯಾಸವಿಲ್ಲ. ಮುತ್ತಳ್ಳಿಯ ಹುಡುಗಿ ಕಾನೂರಿನ ಹುಡುಗನಿಗೆ ಎಂದು ಹಿರಿಯರು ಆಡಿಕೊಂಡಿದ್ದರೆ ಆ ಮಾತು ರಾಮಯ್ಯನನ್ನು ಕೈಹಿಡಿದಾಗಲೂ ನಡೆದಂತೆಯೇ ಆಯಿತು. ಹಿರಿಯರು ತಮ್ಮ ಲೆಕ್ಕದಲ್ಲಿ ಮಾತಿಗೆ ತಪ್ಪಲಿಲ್ಲ. ಸೀತೆಗೆ ಮಾತ್ರ ಸರ್ವಸ್ವವೂ ತಪ್ಪಿಹೋಯಿತು. ನಂಟಿನ ಮಾತು ಇಬ್ಬರಿಗೂ ಸಮನಾಗಿ ಸಲ್ಲುತ್ತದೆ, ಮನಸ್ಸು ಒಬ್ಬನಿಗೇ ಸಲ್ಲುತ್ತದೆ. ಈ ಎರಡರ ನಡುವಣ ಬಿರುಕಿನಲ್ಲಿ ಸೀತೆ ಬಿದ್ದಳು. “ಇಬ್ರೂ ಬಾವಂದಿರೇ, ತಪ್ಪೇನಾತು” ಎಂದು ನಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ವಾಸ್ತವವಾಗಿ ಕಾನೂರಿನ ಜಗಲಿಯ ಪ್ರಶ್ನೆ. ಕಾದಂಬರಿಯ ದುರಂತವನ್ನು ಆ ಮಗು ಒಂದೇ ಮಾತಿನಲ್ಲಿ ಹಿಡಿದಿತ್ತು. ಹಿಡಿದದ್ದು ಅದಕ್ಕೂ ತಿಳಿದಿರಲಿಲ್ಲ, ನಮಗೂ ತಿಳಿಯಲಿಲ್ಲ.

ಹೆಸರುಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸೀತೆಯನ್ನು ಕೊಟ್ಟದ್ದು ರಾಮಯ್ಯನಿಗೆ. ಹೆಸರಿನ ಮಟ್ಟಿಗೆ ಇದಕ್ಕಿಂತ ಒಪ್ಪುವ ಜೋಡಿ ಈ ದೇಶದಲ್ಲಿ ಇನ್ನೊಂದಿಲ್ಲ. ಲಗ್ನಪತ್ರಿಕೆಯಲ್ಲಿ ಓದಿದವರು ಸೀತಾರಾಮರೆಂದು ಹರಸುತ್ತಾರೆ. ಹೊರಗಿನಿಂದ ನೋಡಿದಾಗ ಎಲ್ಲವೂ ಹೊಂದಿಕೊಂಡಿರುವ, ಒಳಗೆ ಏನೂ ಹೊಂದದ ಒಂದು ಮದುವೆ ಇದು. ಲೇಖಕರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ಸಾಧಿಸುವ ಹಟ ನಮಗಿಲ್ಲ. ಆದರೆ 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ನಾಡಿಗೆ ಕೊಟ್ಟ ಕವಿ, ಅದಕ್ಕೆ ಹದಿಮೂರು ವರ್ಷ ಮೊದಲು ಬಂದ ಕಾದಂಬರಿಯಲ್ಲಿ ಈ ಹೆಸರುಗಳನ್ನು ಯೋಚಿಸದೆ ಇಟ್ಟಿರಲಾರರೆಂದು ಊಹಿಸುವುದಕ್ಕೆ ಅವಕಾಶವುಂಟು.

ಪ್ರೇಮದುರಂತದ ಕಥೆಗಳಲ್ಲಿ ಸಾಮಾನ್ಯವಾಗಿ ಒಂದು ಗೋಡೆ ಇರುತ್ತದೆ. ಜಾತಿಯ ಗೋಡೆ, ಐಶ್ವರ್ಯದ ಗೋಡೆ, ಎರಡು ಮನೆತನಗಳ ವೈರದ ಗೋಡೆ. ವಾಚಕನು ಆ ಗೋಡೆಯನ್ನು ಬೈದು ಸಮಾಧಾನ ಹೊಂದುತ್ತಾನೆ. ಶರಚ್ಚಂದ್ರರ ‘ದೇವದಾಸ’ ಬಂಗಾಳಿಯಲ್ಲಿ 1917ರಲ್ಲಿ ಪುಸ್ತಕವಾಗಿ ಬಂತು; ಬಾಲ್ಯಪ್ರೇಮದ ದುರಂತವೆಂದೊಡನೆ ಭಾರತೀಯರೆಲ್ಲ ನೆನೆಯುವ ಕಥೆ ಅದು. ಅಲ್ಲಿ ದೇವದಾಸನೂ ಪಾರ್ವತಿಯೂ ಒಂದೇ ಪಾಠಶಾಲೆಯಲ್ಲಿ ಓದಿದವರು, ನೆರೆಮನೆಯವರು. ಆದರೂ ಜಮೀನುದಾರನ ಮನೆಗೂ ಪಾರ್ವತಿಯ ಮನೆಗೂ ಅಂತಸ್ತಿನ ಅಂತರವಿದೆ. ಪಾರ್ವತಿ ಇರುಳಿನಲ್ಲಿ ಅವನ ಕೋಣೆಗೆ ಬಂದು ಕೇಳುತ್ತಾಳೆ. ಅವನು ತಂದೆತಾಯಿಗಳಿಗೆ ಅಂಜಿ ಹಿಂಜರಿಯುತ್ತಾನೆ. ಮುಂದಿನ ಕಥೆಯೆಲ್ಲ ಅವನ ಪಶ್ಚಾತ್ತಾಪ, ಅವನ ಕುಡಿತ, ಅವನ ಮರಣ. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ 1847ರಲ್ಲಿ ಪ್ರಕಟವಾಯಿತು. ಅದರಲ್ಲಿ ಕ್ಯಾಥರೀನಳೂ ಹೀತ್‌ಕ್ಲಿಫನೂ ಒಂದೇ ಮನೆಯಲ್ಲಿ ಬೆಳೆದವರು. ಹೀತ್‌ಕ್ಲಿಫ ಎತ್ತಿ ತಂದ ಅನಾಥ. ಅವನನ್ನು ವರಿಸಿದರೆ ತನಗೆ ಹೀನಾಯವೆಂದು ಕ್ಯಾಥರೀನಳೇ ಸಿರಿವಂತನಾದ ಎಡ್ಗರನನ್ನು ಆರಿಸುತ್ತಾಳೆ. ಅಲ್ಲಿ ನೋವಿದೆ, ಆದರೆ ಆಯ್ಕೆಯೂ ಇದೆ.

ಮುತ್ತಳ್ಳಿಯ ಸೀತೆಗೂ ಕಾನೂರಿನ ಹೂವಯ್ಯನಿಗೂ ನಡುವೆ ಇಂಥ ಗೋಡೆ ಯಾವುದಿದೆ? ಜಾತಿ ಒಂದೇ. ಸೀಮೆ ಒಂದೇ. ನಂಟು ಸಲ್ಲುವ ನಂಟು. ಹೂವಯ್ಯ ಓದಿದವನು, ಗುಣವಂತ, ಮನೆತನದ ಹಿರಿಯ ಕವಲಿನ ಮಗ. ಈ ಸಂಬಂಧವನ್ನು ಬೇಡವೆನ್ನುವುದಕ್ಕೆ ಕಟ್ಟಳೆಯಲ್ಲಿ ಒಂದು ಕಾರಣವೂ ಇಲ್ಲ. ಇದ್ದದ್ದು ಇಷ್ಟೆ: ಯಜಮಾನಿಕೆ ಚಂದ್ರಯ್ಯಗೌಡರ ಕೈಯಲ್ಲಿತ್ತು, ಮನೆ ಒಡೆದ ಮೇಲೆ ಹೂವಯ್ಯ ಅವರಿಗೆ ಎದುರಾಳಿಯಾಗಿ ಕಂಡ, ಮುತ್ತಳ್ಳಿಯ ಶ್ಯಾಮಯ್ಯಗೌಡರಿಗೆ ಕಾನೂರಿನ ಯಜಮಾನರ ಮಾತನ್ನು ಮೀರುವುದು ಸುಲಭವಾಗಿರಲಿಲ್ಲ, ಅಗ್ರಹಾರದ ಜೋಯಿಸರ ಪಂಚಾಂಗ ಇಂಥ ಸಂದರ್ಭಗಳಲ್ಲಿ ಬಲವಿದ್ದ ಕಡೆಗೆ ವಾಲುವುದನ್ನು ಕಲಿತಿರುತ್ತದೆ. ರಾಮಯ್ಯನೂ ಖಳನಲ್ಲ. ಅವನಿಗೂ ಸೀತೆಯ ಮೇಲೆ ಮನಸ್ಸಿದೆ. ತಂದೆಯ ಅಂಜಿಕೆ, ಹೂವಯ್ಯನ ಮೇಲಿನ ಪ್ರೀತಿ ಇವುಗಳ ನಡುವೆ ಅವನೂ ತೊಳಲುತ್ತಾನೆ. ಆದ್ದರಿಂದಲೇ ಈ ದುರಂತ ಉಳಿದವುಗಳಿಗಿಂತ ಕಠೋರವಾದದ್ದೆಂದು ನಮ್ಮ ಅಭಿಪ್ರಾಯ. ಬೈಯುವುದಕ್ಕೆ ಗೋಡೆಯಿಲ್ಲ. ಎಲ್ಲ ಬಾಗಿಲುಗಳೂ ತೆರೆದಿದ್ದ ಮನೆಯಲ್ಲಿ ಒಬ್ಬ ಹುಡುಗಿ ಉಸಿರುಕಟ್ಟಿ ನರಳಿದಳು. ನಡೆಯಬೇಕಾಗಿದ್ದ ಒಂದೇ ಒಂದು ಕಾರ್ಯ ನಡೆಯಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ. ಅವಳ ಮನಸ್ಸು ತಿಳಿದವರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಾದಂಬರಿಯ ಮೂಲ ಹೆಸರಿನ ಅರ್ಥವೂ ಇಲ್ಲಿ ಸ್ಫುಟವಾಗುತ್ತದೆ. ಸೀತೆ ಹೂವಯ್ಯರ ಒಲವು ಇಷ್ಟು ಮುಖ್ಯವಾಗಿದ್ದರೆ ಪುಸ್ತಕಕ್ಕೆ ಸುಬ್ಬಮ್ಮನ ಹೆಸರೇಕೆ ಎಂದು ಕೇಳುವವರುಂಟು. ಸುಬ್ಬಮ್ಮ ಚಂದ್ರಯ್ಯಗೌಡರ ಮೂರನೆಯ ಹೆಂಡತಿ. ಬಡಮನೆಯಿಂದ ಬಂದ ಎಳೆಯ ಹೆಣ್ಣು, ಪ್ರಾಯ ಕಳೆದ ಯಜಮಾನನಿಗೆ ಹೆಗ್ಗಡಿತಿಯಾದವಳು. ಅವಳನ್ನೂ ಯಾರೂ ಕೇಳಿರಲಿಲ್ಲ. ಒಬ್ಬಳು ಒರಟು, ಒಬ್ಬಳು ಕೋಮಲೆ. ಒಬ್ಬಳನ್ನು ಓದುವಾಗ ಸಿಟ್ಟು ಬರುತ್ತದೆ, ಒಬ್ಬಳನ್ನು ಓದುವಾಗ ಕಣ್ಣು ತೇವವಾಗುತ್ತದೆ. ಆದರೆ ಇಬ್ಬರ ಕಥೆಗೂ ಬೇರು ಒಂದೇ. ಸುಬ್ಬಮ್ಮನ ಕಥೆಯೊಳಗೆ ಸೀತೆಯ ಕಥೆಯನ್ನು ಇಟ್ಟದ್ದರಿಂದ ಕಾದಂಬರಿ ಬರಿಯ ಪ್ರಣಯಕಥೆಯಾಗಿ ಉಳಿಯದೆ ಒಂದು ಸಮಾಜದ ವಿಚಾರಣೆಯಾಯಿತು.

ರಸದ ದೃಷ್ಟಿಯಿಂದಲೂ ಈ ಪ್ರಸಂಗ ವಿಚಾರಾರ್ಹವಾಗಿದೆ. ಅಗಲಿಕೆಯ ದುಃಖವನ್ನು ನಮ್ಮ ಆಲಂಕಾರಿಕರು ಎರಡಾಗಿ ವಿಂಗಡಿಸಿದ್ದಾರೆ. ವಿಪ್ರಲಂಭ ಶೃಂಗಾರದಲ್ಲಿ ನಿರೀಕ್ಷೆ ಉಳಿದಿರುತ್ತದೆ; ಅದು ಸಾಪೇಕ್ಷ. ಕರುಣದಲ್ಲಿ ನಿರೀಕ್ಷೆ ಅಳಿದಿರುತ್ತದೆ, ಅದು ನಿರಪೇಕ್ಷ. ಭರತಮುನಿಯ ನಾಟ್ಯಶಾಸ್ತ್ರದಿಂದ ಬಂದ ಈ ವಿಂಗಡಣೆ ಎಷ್ಟೋ ಕಾವ್ಯಗಳನ್ನು ಅರಿಯುವುದಕ್ಕೆ ಸಹಾಯಕವಾಗಿದೆ. ಸೀತೆಯ ಸ್ಥಿತಿ ಯಾವುದು? ಹೂವಯ್ಯ ಸತ್ತಿಲ್ಲ, ದೂರದೇಶಕ್ಕೂ ಹೋಗಿಲ್ಲ, ಹತ್ತಿರದ ಕೆಳಕಾನೂರಿನಲ್ಲಿದ್ದಾನೆ. ಆದ್ದರಿಂದ ಕರುಣವೆನ್ನಲಾಗದು. ಧಾರೆ ಮುಗಿದಿದೆ, ಮತ್ತೆ ಕೂಡುವ ದಾರಿಯನ್ನು ಕಟ್ಟಳೆ ಮುಚ್ಚಿದೆ. ಆದ್ದರಿಂದ ವಿಪ್ರಲಂಭವೆನ್ನಲಾಗದು. ನಿರೀಕ್ಷೆ ಇರಕೂಡದು, ಆದರೂ ಇದೆ. ಮದುವೆಯ ಮೇಲೆ ಅವಳ ದೇಹ ಯಾವ ಮನೆಗೆ ಸೇರಿತೆಂದು ಲೋಕ ಬರೆದುಕೊಂಡಿತು. ಮನಸ್ಸು ಆ ಬರವಣಿಗೆಗೆ ರುಜು ಹಾಕಲಿಲ್ಲ. ಹಳೆಯ ಶಾಸ್ತ್ರದ ಎರಡು ಕೋಣೆಗಳ ನಡುವಣ ಹೊಸ್ತಿಲಲ್ಲಿ ಕುಳಿತಿರುವ ದುಃಖ ಇದು. ಹೊಸ ಕಾಲದ ಕಾದಂಬರಿ ಹಳೆಯ ರಸಗಳ ಜೊತೆಗೆ ಏನನ್ನು ತಂದಿತೆಂದು ಕೇಳುವವರಿಗೆ ನಾವು ಈ ಹೊಸ್ತಿಲನ್ನು ತೋರಿಸಬಯಸುತ್ತೇವೆ.

ಇಲ್ಲಿ ಹೂವಯ್ಯನ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಅವನ ತ್ಯಾಗ, ಧ್ಯಾನ, ಸಂಯಮ ಇವುಗಳನ್ನು ಉಪಾಧ್ಯಾಯರಾದ ನಾವು ಮಕ್ಕಳಿಗೆ ಆದರ್ಶವೆಂದು ಹೇಳುತ್ತೇವೆ, ಹೇಳುವುದು ತಪ್ಪಲ್ಲ. ಹೂವಯ್ಯ ತನ್ನ ದುಃಖವನ್ನು ಮೇಲಕ್ಕೆ ಹರಿಸಬಲ್ಲ. ಅವನಿಗೆ ಬೆಟ್ಟದ ನೆತ್ತಿಯಿದೆ, ಸೂರ್ಯಾಸ್ತವಿದೆ, ಪುಸ್ತಕಗಳಿವೆ, ಸುಧಾರಣೆಯ ಕೆಲಸವಿದೆ. ಸೀತೆಗೆ ಇವೊಂದೂ ಇಲ್ಲ. ಒಂದೇ ನೋವು ಗಂಡಿಗೆ ಸಾಧನೆಯ ಮೆಟ್ಟಿಲಾಗುತ್ತದೆ, ಹೆಣ್ಣಿಗೆ ಒಳಕೋಣೆಯ ಕತ್ತಲಾಗುತ್ತದೆ. ವಿಮರ್ಶೆ ಹೂವಯ್ಯನ ಔನ್ನತ್ಯವನ್ನು ಕೊಂಡಾಡುವಾಗ ಆ ಔನ್ನತ್ಯದ ಬೆಲೆಯ ದೊಡ್ಡ ಪಾಲನ್ನು ತೆತ್ತವಳು ಯಾರೆಂಬುದನ್ನು ಮರೆಯಬಾರದು. ಕಾದಂಬರಿಕಾರರು ಮರೆತಿಲ್ಲ, ಮರೆತವರು ಓದುಗರಾದ ನಾವು.

ಕಾದಂಬರಿಕಾರರು ಮರೆತಿಲ್ಲವೆನ್ನುವುದಕ್ಕೆ ಮೂವತ್ತೊಂದು ವರ್ಷಗಳ ಮೇಲೆ, 1967ರಲ್ಲಿ, ಅವರೇ ಕೊಟ್ಟ ‘ಮಲೆಗಳಲ್ಲಿ ಮದುಮಗಳು’ ಸಾಕ್ಷಿ. ಅಲ್ಲಿಯೂ ಇದೇ ಗಂಟು ಇದೆ. ಹೂವಳ್ಳಿಯ ಚಿನ್ನಮ್ಮ, ಕೋಣೂರಿನ ಮುಕುಂದಯ್ಯ ಎಳವೆಯಿಂದ ಬಲ್ಲವರು. ಅವಳ ಬಾಯಲ್ಲಿ ಅವನು ಮುಕುಂದಬಾವ. ತಂದೆ ಅವಳನ್ನು ಸಿಂಬಾವಿಯ ಭರಮೈಹೆಗ್ಗಡೆಗೆ ಕೊಡಲು ಒಪ್ಪುತ್ತಾನೆ. ಮದುವೆಯ ಸಿದ್ಧತೆ ನಡೆಯುತ್ತದೆ. ಇಷ್ಟರವರೆಗೆ ಸೀತೆಯ ಕಥೆಯೇ. ಆದರೆ ಚಿನ್ನಮ್ಮ ಧಾರೆಗೆ ಕಾಯುವುದಿಲ್ಲ. ಇರುಳಿನಲ್ಲಿ ಮನೆ ಬಿಟ್ಟು ಕಾಡು ಹಿಡಿಯುತ್ತಾಳೆ. ಅವಳಿಗೆ ನೆರವಾಗುವವರು ಐತ, ಪೀಂಚಲು ಎಂಬ ಆಳುಮಕ್ಕಳು. ಕೊನೆಗೆ ಒಲಿದವನನ್ನೇ ಸೇರುತ್ತಾಳೆ.

ಇದನ್ನು ಕಂಡು, ಕಾಲ ಮುಂದುವರಿದಂತೆ ಹೆಣ್ಣಿಗೆ ಸ್ವಾತಂತ್ರ್ಯ ಬಂತು, ಆದ್ದರಿಂದ ಸೀತೆಗೆ ಆಗದ್ದು ಚಿನ್ನಮ್ಮನಿಗೆ ಆಯಿತು ಎಂದು ಹೇಳಿಬಿಡಬಹುದು. ಆದರೆ ಅದು ತಪ್ಪಾಗುತ್ತದೆ. ಬರೆದ ಕಾಲ ಮುಂದಿನದಾದರೂ ಕಥೆಯ ಕಾಲ ಹಿಂದಿನದು. ‘ಮಲೆಗಳಲ್ಲಿ ಮದುಮಗಳು’ ನಡೆಯುವುದು 19ನೆಯ ಶತಮಾನದ ಕೊನೆಯಲ್ಲಿ, ವಿವೇಕಾನಂದರು ಷಿಕಾಗೋ ಸಮ್ಮೇಳನದಲ್ಲಿ ಮಾತಾಡಿದ 1893ರ ಸುಮಾರಿನಲ್ಲಿ. ಕಾನೂರಿನ ಕಥೆ ಅದಕ್ಕೆ ಈಚಿನದು. ಅಲ್ಲಿಯ ಹುಡುಗರು ಮೈಸೂರಿಗೆ ಹೋಗಿ ಓದಿ ಬರುತ್ತಾರೆ. ಮುಕುಂದಯ್ಯ ಮೈಸೂರಿನ ವಿದ್ಯೆ ಕಂಡವನಲ್ಲ. ಹಾಗಾದರೆ ವಿದ್ಯೆ ಬಂದ ಕಾಲದಲ್ಲಿ ಒಲವು ಸೋತಿತು. ವಿದ್ಯೆ ಬಾರದ ಕಾಲದಲ್ಲಿ ಗೆದ್ದಿತು. ಇದು ನಮ್ಮಂಥ ಉಪಾಧ್ಯಾಯರಿಗೆ ಸುಲಭವಾಗಿ ಗಂಟಲಿಳಿಯುವ ಮಾತಲ್ಲ. ನಾವು ಬದುಕಿರುವುದೇ ವಿದ್ಯೆ ಬಿಡುಗಡೆ ಕೊಡುತ್ತದೆಂಬ ನಂಬಿಕೆಯ ಮೇಲೆ.

ಇದಕ್ಕೆ ನಮಗೆ ತೋಚಿದ ಸಮಾಧಾನ ಹೀಗಿದೆ. ಹೂವಯ್ಯ ಪಡೆದ ವಿದ್ಯೆ ಅವನ ಆತ್ಮಕ್ಕೆ ರೆಕ್ಕೆ ಕೊಟ್ಟಿತು. ಜಗಲಿಯಲ್ಲಿ ಹಿರಿಯರ ಎದುರಿಗೆ ಆಡುವ ಮಾತಿಗೆ ಬಲ ಕೊಡಲಿಲ್ಲ. ಸೀತೆಗಂತೂ ಆ ವಿದ್ಯೆಯೂ ದೊರೆಯಲಿಲ್ಲ. ಚಿನ್ನಮ್ಮನಿಗೆ ದೊರೆತದ್ದು ವಿದ್ಯೆಯಲ್ಲ, ಜೊತೆ. ಅವಳ ಮನಸ್ಸನ್ನು ಕೇಳಿ ತಿಳಿದವರು ಇದ್ದರು. ಐತನೂ ಪೀಂಚಲೂ ಹಿರಿಯರ ಲೆಕ್ಕದಲ್ಲಿ ಯಾರೂ ಅಲ್ಲದವರು. ಆದರೆ ಅವರು ಕತ್ತಲಲ್ಲಿ ಅವಳ ಸಂಗಡ ನಡೆದರು. ಬಾಲ್ಯದ ಒಲವು ಉಳಿದದ್ದು ಅದು ಹೆಚ್ಚು ಆಳವಾಗಿದ್ದರಿಂದಲ್ಲ, ಅದಕ್ಕೆ ಸಾಕ್ಷಿಗಳಿದ್ದುದರಿಂದ. ಸೀತೆಯ ಒಲವೂ ಅಷ್ಟೇ ಆಳವಾಗಿತ್ತು. ಅವಳಿಗೆ ಒಬ್ಬ ಪೀಂಚಲು ಇರಲಿಲ್ಲ.

ಕಾನೂನು ಈ ಸಾಕ್ಷಿಯ ಕೆಲಸವನ್ನು ಮಾಡಲಾರದೇ ಎಂದು ಕೇಳಬಹುದು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ನಿಬಂಧನೆ ಬಂತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ವಿವಾಹವಾಗುವುದನ್ನೂ ಅದು ನಿಷೇಧಿಸಿತು. ಬ್ರಿಟಿಷ್ ಭಾರತದಲ್ಲಿ ಶಾರದಾ ಶಾಸನ 1929ರಲ್ಲಿ ಅಂಗೀಕೃತವಾಗಿ 1930ರ ಏಪ್ರಿಲಿನಿಂದ ಜಾರಿಗೆ ಬಂತು. ಹುಡುಗಿಗೆ 14, ಹುಡುಗನಿಗೆ 18 ಎಂದು ಮಿತಿಯಿಟ್ಟಿತು. 1978ರಲ್ಲಿ ಈ ಮಿತಿ 18 ಮತ್ತು 21ಕ್ಕೆ ಏರಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಇವೆಲ್ಲ ದೊಡ್ಡ ಉಪಕಾರಗಳು, ಅಲ್ಲಗಳೆಯುವಂತಿಲ್ಲ. ಆದರೆ ವಯಸ್ಸನ್ನು ದಾಖಲೆಯಲ್ಲಿ ನೋಡಬಹುದು, ಮನಸ್ಸನ್ನು ಹಾಗೆ ನೋಡಲಾಗದು. ಹದಿನೆಂಟು ತುಂಬಿತೇ ಎಂದು ದಾಖಲೆ ಹೇಳುತ್ತದೆ. ನಿನಗೆ ಒಪ್ಪಿಗೆಯೇ ಎಂದು ಯಾರಾದರೂ ಬಾಯಿ ಬಿಟ್ಟು ಕೇಳಬೇಕಾಗುತ್ತದೆ.

ಈ ಮಾತನ್ನು ನಾವು ಅಧಿಕಾರದಿಂದ ಹೇಳುತ್ತಿಲ್ಲ, ಅಪರಾಧಿಯಾಗಿ ಹೇಳುತ್ತಿದ್ದೇವೆ. ಕೆಲವು ವರ್ಷಗಳ ಕೆಳಗೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಜನ್ಮದಿನಾಂಕದ ದೃಢೀಕರಣಕ್ಕಾಗಿ ನಮ್ಮ ಕೋಣೆಗೆ ಬಂದರು. ಮದುವೆ ಗೊತ್ತಾಗಿದೆ, ಊರಿನಲ್ಲಿ ಕಾಗದ ಕೇಳುತ್ತಾರೆ ಎಂದರು. ನಾವು ಕರ್ತವ್ಯವರಿತವರಂತೆ ದಾಖಲೆಯ ಪುಸ್ತಕವನ್ನು ತೆರೆದೆವು. ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಹುಡುಗ ಏನು ಮಾಡುತ್ತಾನೆಂದು ಕೇಳಿದೆವು. ಕುಡಿತವಿದೆಯೇ ಎಂದು ಕೇಳಿದೆವು. ಗೊತ್ತಿದ್ದ ಮನೆಯೇ ಎಂದು ಕೇಳಿದೆವು. “ಗೊತ್ತಿಲ್ದೇನ್ರಿ, ನನ್ನ ತಂಗೀ ಮಗನ. ಸಣ್ಣಾಕಿ ಇದ್ದಾಗಿಂದ ಕೂಡೇ ಆಡ್ಯಾರ” ಎಂದರು ತಂದೆ. ನಮಗೆ ಸಂತೋಷವಾಯಿತು. ಸಹಿ ಹಾಕಿ ಮೊಹರು ಒತ್ತಿದೆವು. ಹುಡುಗಿ ಹೊರಗೆ ಮೊಗಸಾಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ನಮ್ಮನ್ನು ಕಂಡು ಕೈಮುಗಿದಳು; ಏನೋ ಹೇಳುವವಳಂತೆ ಕಂಡಳು. ಚೆನ್ನಾಗಿರು ತಾಯಿ ಎಂದು ಹೇಳಿ ನಾವು ತರಗತಿಗೆ ಹೊರಟೆವು. ಆ ತಂಗಿಗೆ ಗಂಡುಮಕ್ಕಳು ಇಬ್ಬರೆಂದು ಆಮೇಲೆ ತಿಳಿಯಿತು. ಹುಡುಗಿ ಕೂಡಿ ಆಡಿದ ಬಾವ ಯಾರು, ಕೊಟ್ಟ ಬಾವ ಯಾರು ಎಂಬುದು ನಮಗೆ ಇಂದಿಗೂ ತಿಳಿಯದು. ಅವಳು ಸುಖವಾಗಿಯೇ ಇರಬಹುದು. ಹಾಗೆಯೇ ಇರಲೆಂದು ಹಾರೈಸುತ್ತೇವೆ. ‘ಕಾನೂರು ಹೆಗ್ಗಡಿತಿ’ಯನ್ನು ನಾಲ್ಕು ಬಾರಿ ಓದಿದ್ದ ನಾವು ಅವಳ ತಂದೆಯನ್ನು ಮೂರು ಪ್ರಶ್ನೆ ಕೇಳಿದೆವು, ಅವಳನ್ನು ಒಂದನ್ನೂ ಕೇಳಲಿಲ್ಲ ಎಂಬುದಷ್ಟೇ ಇಲ್ಲಿ ಹೇಳಬೇಕಾದ ಮಾತು.

ಹದಿಹರೆಯದ ಮಕ್ಕಳಿಗೆ ಪ್ರಣಯದ ಕಾದಂಬರಿಗಳನ್ನು ಹೇಳಕೂಡದು, ಮನಸ್ಸು ಕೆಡುತ್ತದೆ ಎಂಬ ಅಭಿಪ್ರಾಯ ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಕೆಲವರಿಗೆ ಇದೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಪ್ರತಿಯೊಂದು ಆಕರ್ಷಣೆಯೂ ಒಲವಲ್ಲ. ಬಾಲ್ಯದ ಗೆಳೆತನವೆಲ್ಲ ಮದುವೆಯಾಗಬೇಕಾದದ್ದೂ ಅಲ್ಲ. ಮನೆ ಬಿಟ್ಟು ನಡೆಯುವುದನ್ನು ಕಲಿಸುವುದು ಶಾಲೆಯ ಕೆಲಸವೂ ಅಲ್ಲ. ಆದರೆ ಸೀತೆಯ ಕಥೆ ಮಕ್ಕಳ ಮನಸ್ಸನ್ನು ಕೆಡಿಸುವುದಕ್ಕೆ ಮೊದಲು ಹಿರಿಯರ ಮನಸ್ಸನ್ನು ಕದಡುವಂಥದು. ಮಕ್ಕಳು ಅದರಲ್ಲಿ ತಮ್ಮ ನೋವಿಗೆ ಮಾತನ್ನು ಕಾಣಬಹುದು. ಹಿರಿಯರು ಅದರಲ್ಲಿ ತಮ್ಮ ಮೌನವನ್ನು ಕಾಣಬೇಕು. ಗಡಿಯಾಚೆ ನೆಲೆಸಿದ ಕುಟುಂಬಗಳಲ್ಲಿ ಈ ಮೌನ ಇನ್ನಷ್ಟು ಗಟ್ಟಿಯಾಗುವುದುಂಟು. ಪರನಾಡಿನಲ್ಲಿರುವ ಮನೆಗೆ ಊರಿನ ನಂಟು ಒಂದು ಆಸ್ತಿ. ಮಗಳನ್ನು ಊರಿನ ಸೋದರಿಕೆಗೆ ಕೊಡುವುದೆಂದರೆ ಊರಿನ ಬಾಗಿಲನ್ನು ತೆರೆದಿಟ್ಟುಕೊಂಡಂತೆ. ಆ ಬಾಗಿಲು ತೆರೆದಿರಲಿ. ಅದನ್ನು ತೆರೆದಿಡುವುದಕ್ಕೆ ಒಬ್ಬ ಹುಡುಗಿಯ ಮನಸ್ಸನ್ನು ಒತ್ತುಗಲ್ಲಾಗಿ ಇಡುವುದು ಬೇಡ.

ಸೀತೆಯ ಕಥೆಯಿಂದ ತಿಳಿಯಬೇಕಾದದ್ದನ್ನು ಒಂದೆರಡು ಮಾತುಗಳಲ್ಲಿ ಹೇಳಿ ಮುಗಿಸುತ್ತೇವೆ. ನಮ್ಮ ಭಾಷೆ ಬಾಲ್ಯದ ಒಲವಿಗೆ ‘ಬಾವ’ ಎಂಬ ಬಲು ಸುಂದರವಾದ ಮಾತನ್ನು ಕೊಟ್ಟಿದೆ. ಆ ಮಾತು ಆಸೆಯನ್ನು ಹುಟ್ಟಿಸುತ್ತದೆ, ಹುಟ್ಟಿದ ಆಸೆಯನ್ನು ಕಾಯುವುದಿಲ್ಲ. ಕಾಯುವ ಹೊಣೆ ಮನುಷ್ಯರದು. ಕುವೆಂಪು ಅವರು 1936ರಲ್ಲಿ ಆ ಹೊಣೆಯನ್ನು ಯಾರೂ ಹೊರದ ಕಥೆಯನ್ನು ಹೇಳಿದರು. 1967ರಲ್ಲಿ ಇಬ್ಬರು ಆಳುಮಕ್ಕಳು ಅದನ್ನು ಹೊತ್ತ ಕಥೆಯನ್ನು ಹೇಳಿದರು. ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಮುತ್ತಳ್ಳಿಯ ಸೀತೆಗೆ ನ್ಯಾಯ ಸಲ್ಲುತ್ತದೆ.

ಹಿಂದಿನ ಬೆಂಚಿನ ಆ ಹುಡುಗಿಗೆ ನಾವು ಈಗ ಉತ್ತರ ಕೊಡಬಲ್ಲೆವು. ಇಬ್ಬರೂ ಬಾವಂದಿರೇ, ಮಗು. ತಪ್ಪು ಅವರಲ್ಲಿ ಒಬ್ಬನಿಗೆ ಕೊಟ್ಟದ್ದಲ್ಲ. ಯಾರಿಗೆಂದು ಅವಳನ್ನು ಕೇಳದೆ ಇದ್ದದ್ದು. ಮುಂದಿನ ಬಾರಿ ಒಬ್ಬ ತಂದೆ ದೃಢೀಕರಣಪತ್ರಕ್ಕಾಗಿ ಬಂದಾಗ ಲೇಖನಿಯನ್ನು ಎತ್ತಿಕೊಳ್ಳುವುದಕ್ಕೆ ಮೊದಲು ನಾವು ಮೊಗಸಾಲೆಗೆ ಹೋಗಿ ಬರಬೇಕೆಂದು ನಿಶ್ಚಯಿಸಿದ್ದೇವೆ.